ಪಾಳಿ ನೋಡಿ ಹೆದರಬ್ಯಾಡ ತಂಗಿ

ತಂಗೀ, ರಜಾಕ್ಕ ಗುಳೇದಗುಡ್ಡಕ್ಕ ಬಂದೀನಿ, ಅವ್ವನ ಪಡಸಾಲ್ಯಾಗ ಕೂತು ಬರಿಯಾಕತ್ತೀನಿ. ನೀ ಕೆನಡಾದ ವಿನ್ನಿಪೆಗ್‌ಗೆ ಹೋಗಿ ಇನ್ನಾ ಎರಡು ತಿಂಗಳಾಗಿಲ್ಲ, ಪುಕ್ಕಟೆ ದಿನಸಿ ಕೊಡೋ ಫುಡ್ ಬ್ಯಾಂಕ್ ಮುಂದಿನ ಪಾಳಿ ನೋಡಿ ಎದಿ ಧಸಕ್ಕಂತು ಅಂದಿ. "ಇಷ್ಟು ಸಿರಿವಂತ ದೇಶದಾಗ ಇದೇನಕ್ಕಾ? ನಾವು ಬಾಗಲಕೋಟಿ ಬಿಟ್ಟು ಬಂದದ್ದು ತಪ್ಪಾತೇನು?" ಅಂತ ಕೇಳೀದಿ.

ಬಡತನ ಅಲ್ಲೂ ಐತಿ. ಪಗಾರದ ಅರ್ಧ ಬಾಡಿಗಿಗೇ ಹೋಗೋ ಮನಿ ಭಾಳ ಕಂಡೀನಿ. ಆದ್ರ ಒಂದು ಲೆಕ್ಕ ನೋಡು. 2015 ರಾಗ ಕೆನಡಾದ ನೂರು ಮಂದ್ಯಾಗ 14.5 ಮಂದಿ ಸರ್ಕಾರದ ಬಡತನದ ಗೆರಿ ಕೆಳಗ ಇದ್ರು. 2020 ರಾಗ 6.4 ಕ್ಕ ಇಳೀತು. ಕೊರೋನಾದಾಗ ಎಲ್ಲಾ ಕಡೆ ಕೆಲಸ ಹೋದ ವರ್ಷ ಅದು! ಕೆಲಸ ಕಳಕೊಂಡವ್ರಿಗೆ ವಾರಕ್ಕ 500 ಡಾಲರ್ ಖಾತೆಗೆ ಬಂತು, ಅದಕ್ಕೂ ಇಳೀತು. ಆ ರೊಕ್ಕ ನಿಂತು, ಬಾಡಿಗಿ, ಕಿರಾಣಿ ಎಲ್ಲಾ ಏರಿದ ಮ್ಯಾಲೆ 2022 ರಾಗ ಮತ್ತ 9.9. ನೀ ಕಂಡ ಪಾಳಿ ಉದ್ದಾಗಿದ್ದೂ ಅವಾಗಿಂದನ.

ನಿಮ್ಮ ಮನಿಗೆ ಬೇಕಾದದ್ದು ಚೈಲ್ಡ್ ಬೆನಿಫಿಟ್, ಅಂದ್ರ ಮಕ್ಕಳನ್ನ ಸಾಕಾಕ ಸರ್ಕಾರ ಕೊಡೋ ರೊಕ್ಕ. 2016 ರ ಜುಲೈದಾಗ ಶುರುವಾದಾಗ ಆರು ವರ್ಷದೊಳಗಿನ ಕೂಸಿಗೆ ವರ್ಷಕ್ಕ 6,400 ಡಾಲರ್ ತನಕ ಇತ್ತು, ಈಗ ಇನ್ನೂ ಹೆಚ್ಚಾಗೇತಿ. ಗಳಿಕಿ ಕಮ್ಮಿ ಇದ್ದವ್ರಿಗೆ ಪೂರ್ತಿ, ಗಳಿಕಿ ಏರಿದಂಗ ಕಡಿಮಿ. ಹೆಚ್ಚಾಗಿ ತಾಯಿ ಹೆಸರಿಗೇ ಬರ್ತೈತಿ, ಇಲ್ಲಿ ನಮ್ಮವ್ವಗ ಗೃಹಲಕ್ಷ್ಮಿ ಎರಡು ಸಾವಿರ ಬಂದಂಗ. ಅಪ್ಪ ಖಣ ನೇಯ್ದು ಜೀವ ಸವೆಸಿದಾಂವ. ಅವ್ವ ಕಂಡಿಕಿ ಸುತ್ತಿ ಸುತ್ತಿ ಬೆರಳು ಸೊಟ್ಟ ಮಾಡ್ಕೊಂಡ್ರೂ ಕೂಲಿ ಬರ್ತಿದ್ದು ಅಪ್ಪನ ಕೈಗೇ; ಒಂದು ತಲೆನೋವಿನ ಗುಳಿಗಿಗೂ ಆಕಿ ಕೇಳಿ ಇಸ್ಕೋಬೇಕಾಗಿತ್ತು. ಮೊನ್ನೆ ಔಷಧ ಅಂಗಡ್ಯಾಗ ತನ್ನ ಸಂಚಿಯಿಂದ ನೋಟು ತಗದು ಎಣಿಸಿ ಕೊಟ್ಲು. ನನ್ನ ಕಣ್ಣು ತುಂಬಿ ಬಂತು ತಂಗಿ.

ನಾವು 2017 ರಾಗ ಹೋದಾಗ ಪರಿಚಯದವ್ರೊಬ್ರು "ಸರ್ಕಾರದ ರೊಕ್ಕ ಇಸ್ಕೊಂಡ್ರ ಮುಂದ ಸಿಟಿಜನ್‌ಶಿಪ್‌ಗೆ ತ್ರಾಸಾಗ್ತೈತಿ" ಅಂದ್ರು. ನಂಬಿ ಒಂದು ವರ್ಷ ಅರ್ಜಿನ ಹಾಕಲಿಲ್ಲ. ಮಗಳಿಗೆ ಚಳಿಗಾಲದ ಬೂಟು ತರಾಕ ಇವ್ರು ಗೋದಾಮಿನ್ಯಾಗ ನೈಟ್ ಶಿಫ್ಟ್ ಮಾಡಿದ್ರು, ಮೈನಸ್ ಮೂವತ್ತರಾಗ ಬಸ್ಸಿಗೆ ಕಾದು. ಅರ್ಜಿ ಹಾಕಿದ ಮ್ಯಾಲೆ ಹಿಂದಿನ ಬಾಕಿನೂ ಬಂತು, ಖರೆ. ಆದ್ರ ಕೂಸಿನ ಆ ಒಂದು ವರ್ಷ? ಆ ಸುಳ್ಳು ನಿನ್ನ ಕಿವಿಗೂ ಬೀಳ್ತೈತಿ, ನಂಬಬ್ಯಾಡ.

ನಿಮಗ ಪಿಆರ್, ಅಂದ್ರ ಅಲ್ಲೇ ಕಾಯಂ ಇರೋ ಪರವಾನಗಿ ಐತಿ, ಈಗನ ಅರ್ಜಿ ಹಾಕು. (ವರ್ಕ್ ಪರ್ಮಿಟ್ ಮ್ಯಾಲೆ ಬಂದವ್ರು 18 ತಿಂಗಳು ಕಾಯಬೇಕು, ನಿನ್ನ ಬಾಜೂ ಮನಿಯಾಕಿಗೆ ಹೇಳು.) ಪ್ರತಿ ವರ್ಷ ಏಪ್ರಿಲ್ 30 ರೊಳಗ ಗಂಡ-ಹೆಂಡ್ತಿ ಇಬ್ಬರೂ ಟ್ಯಾಕ್ಸ್ ರಿಟರ್ನ್ ತುಂಬಬೇಕು, ಗಳಿಕಿ ಸೊನ್ನೆ ಇದ್ರೂ. ಅದು ತಪ್ಪಿದ್ರ ಜುಲೈಯಿಂದ ರೊಕ್ಕ ನಿಲ್ತೈತಿ. ಭಾಳ ಮಂದಿ ಬಡವರು ಇಲ್ಲೇ ಎಡವ್ತಾರ. ಅವ್ರಿಗೆ ಸಲ್ಲಬೇಕಾದದ್ದು ಬರೇ ಒಂದು ಫಾರ್ಮಿನಿಂದ ತಪ್ಪಿಹೋಗ್ತೈತಿ, ನನಗ ಅದು ಸಹಿಸಾಕ ಆಗೂದಿಲ್ಲ. ರಿಟರ್ನ್ ಪುಕ್ಕಟೆ ತುಂಬಿಕೊಡೋ ಸ್ವಯಂಸೇವಕರ ಶಿಬಿರ ಮಾರ್ಚ್, ಏಪ್ರಿಲ್‌ದಾಗ ನಡೀತಾವ.

ಆ ರೊಕ್ಕ ಬರೋತನಕ ಅಕ್ಕಿ, ಬ್ಯಾಳಿ ಕಮ್ಮಿ ಬಿದ್ರ ನೀನೂ ಫುಡ್ ಬ್ಯಾಂಕಿನ ಪಾಳಿ ಹಚ್ಚು. ಕೂಡಲಸಂಗಮದ ದಾಸೋಹದಾಗ ಕೂತು ಉಂಡವ್ರು ನಾವು, ಅಲ್ಲಿ ಯಾರೂ ನಾಚಿಕೊಂಡಿಲ್ಲ.

ಮುಂದಿನ ವಾರ ಹೊಳ್ಳಿ ಬರ್ತೀನಿ. ಕೂಸಿನ ಜನನ ಪ್ರಮಾಣಪತ್ರ, ಪಿಆರ್ ಕಾರ್ಡು, ಸಿನ್ ನಂಬರ್ (ಕೆಲಸಕ್ಕ, ಟ್ಯಾಕ್ಸಿಗೆ ಸರ್ಕಾರ ಕೊಡೋ ಗುರುತಿನ ನಂಬರ್) ತಗೊಂಡು ಮನಿಗೆ ಬಾ. ಅವ್ವ ಕರದಂಟು ಕೊಟ್ಟು ಕಳಿಸ್ತಾಳ, ತಿಂಕೋತ ಕೂಡಿ ತುಂಬೂಣು.