ಹೈಫೈ ಮ್ಯಾಗಝೀನ್ ರಿವ್ಯೂ ನಂಬಿ ಆಂಪ್ಲಿಫೈಯರ್ ತಗೋಬಹುದಾ?

ಒಂದೂವರೆ ಲಕ್ಷದ ಆಂಪ್ಲಿಫೈಯರ್ ಮೇಲೆ ಕಣ್ಣಿಟ್ಟಿದ್ದೀರಿ. ಓದಿದ ಮ್ಯಾಗಝೀನ್‌ಗಳೆಲ್ಲ ಅದನ್ನು ಹೊಗಳಿವೆ, ಒಂದರಲ್ಲೂ ಕೆಟ್ಟ ಮಾತಿಲ್ಲ. ಬರೆಯುವವರಿಗೆ ಕಂಪನಿಯವರು ದುಡ್ಡು ಕೊಡ್ತಾರಾ ಅಂತ ನಿಮ್ಮ ಪ್ರಶ್ನೆ.

ನನಗಂತೂ ಯಾರೂ ಕೊಟ್ಟಿಲ್ಲ. ಒಂದು ಸಣ್ಣ ಇಂಗ್ಲಿಷ್ ಆಡಿಯೋ ಪತ್ರಿಕೆಗೆ ನಾಲ್ಕು ವರ್ಷ ರಿವ್ಯೂ ಬರೆದೆ. ಒಂದು ದಿನವೂ ಕವರ್ ಕೈಗೆ ಬರಲಿಲ್ಲ. ಆದರೆ ಒಂದು ಆಂಪ್ಲಿಫೈಯರ್ ನಮ್ಮ ಹಾಲಿನಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು.

ಅದು ಬಂದದ್ದು ಒಂದು ತಿಂಗಳ ಮಟ್ಟಿಗೆ. ಆಮದು ಮಾಡುವವರ ಕಡೆಯ ಹುಡುಗರಿಬ್ಬರು ಕಾರಿನಲ್ಲಿ ತಂದು, ಮೂರನೇ ಮಹಡಿಗೆ ಹೊತ್ತು, ಕಾಫಿ ಕುಡಿದು ಹೋದರು. ಕೇಳಿದೆ, ಇಷ್ಟವಾಯಿತು, ಹಾಗೇ ಬರೆದೆ. ರಿವ್ಯೂ ಅಚ್ಚಾದ ಮೇಲೆ ಫೋನ್ ಮಾಡಿ, ನಿಮ್ಮ ಪೆಟ್ಟಿಗೆ ತಗೊಂಡು ಹೋಗಿ ಅಂದೆ. "ಇರಲಿ ಬಿಡಿ ಸಾರ್, ಅರ್ಜೆಂಟೇನಿಲ್ಲ. ಮುಂದೆ ಸ್ಪೀಕರ್ ಟೆಸ್ಟ್ ಮಾಡೋಕೆ ನಿಮಗೇ ಬೇಕಾಗತ್ತೆ" ಅಂದರು. ಮಾತು ಸರಿಯಾಗಿಯೇ ಇತ್ತು, ನಿಜಕ್ಕೂ ಬೇಕಾಗುತ್ತಿತ್ತು. ಆ ವರ್ಷ ಆಯುಧಪೂಜೆಯ ದಿನ ನನ್ನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅದರ ಮುಂದೆ ನಿಂತು, "ಇದಕ್ಕೂ ಇಡಬೇಕಾ? ಇದು ನಮ್ದಾ, ಅವರದ್ದಾ?" ಅಂತ ಕೇಳಿದಳು. ಅವರದ್ದು, ಬೇಡ ಅಂದೆ. ಮುಂದಿನ ವರ್ಷದ ಆಯುಧಪೂಜೆಗೆ ಅವಳು ಕೇಳಲೇ ಇಲ್ಲ. ಕುಂಕುಮ ಇಟ್ಟು, ಮೇಲೊಂದು ಚೆಂಡು ಹೂವನ್ನೂ ಸಿಕ್ಕಿಸಿದಳು.

ಈ ನಡುವೆ ಅದೇ ಆಮದುದಾರರಿಂದ ಇನ್ನೊಂದು ಮಾಡೆಲ್ ಬಂತು. ಹಾಡು ನಿಂತಾಗ ಸ್ಪೀಕರಿನಿಂದ ಸಣ್ಣಗೆ ಗುಂಯ್ ಅನ್ನುವ ಹಮ್. ನನ್ನ ಮೊದಲ ಡ್ರಾಫ್ಟಿನಲ್ಲಿ "ಹಮ್ ಕೇಳಿಸುತ್ತದೆ, ಈ ಬೆಲೆಗೆ ಇದು ಸರಿಯಲ್ಲ" ಅಂತ ಇತ್ತು. ಯಾರೂ ಫೋನ್ ಮಾಡಲಿಲ್ಲ, ಸಂಪಾದಕರೂ ಏನೂ ಅನ್ನಲಿಲ್ಲ. ರಾತ್ರಿ ಕೂತು ನಾನೇ ತಿದ್ದಿದೆ. ಅಚ್ಚಾದ ವಾಕ್ಯ ಹೀಗಿತ್ತು: "ಹೆಚ್ಚು ಸೆನ್ಸಿಟಿವ್ ಆದ ಸ್ಪೀಕರ್ ಇಟ್ಟುಕೊಂಡವರು ಕೊಳ್ಳುವ ಮೊದಲು ಜೋಡಿಸಿ ಕೇಳುವುದು ಒಳ್ಳೆಯದು." ಅಂಥ ಸ್ಪೀಕರಿನಲ್ಲಿ ಸಣ್ಣ ಸದ್ದೂ ಜೋರಾಗಿ ಕೇಳುತ್ತದೆ, ಹಾಗಾಗಿ ಸುಳ್ಳು ಒಂದಕ್ಷರ ಇಲ್ಲ, ನೋಡಿ. ಆದರೆ ಹಮ್ ಅನ್ನುವ ಪದವೂ ಇಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ಕೇಳಿಕೊಂಡು ಬೆಳೆದವರು ನಾವು. ಉಪ್ಪು ಕೊಟ್ಟವರು ಬಾಯಿಬಿಟ್ಟು ಏನೂ ಕೇಳಬೇಕಾಗಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. ಹೀಗೆ ಪೆಟ್ಟಿಗೆಯನ್ನು ರಿವ್ಯೂ ಬರೆಯುವವರ ಮನೆಯಲ್ಲೇ ಬಿಟ್ಟಿರುವುದಕ್ಕೆ ಅಮೆರಿಕದ ಆಡಿಯೋ ಪತ್ರಿಕೆಗಳಲ್ಲಿ 'ಲಾಂಗ್ ಟರ್ಮ್ ಲೋನ್' ಅಂತ ಹೆಸರೇ ಇದೆ. ಅಲ್ಲಿಯ ಚರಿತ್ರೆ ಸ್ವಲ್ಪ ಓದಿದರೆ ತಮಾಷೆಯೂ ಆಗುತ್ತದೆ, ಬೇಜಾರೂ ಆಗುತ್ತದೆ. ಜೆ. ಗಾರ್ಡನ್ ಹೋಲ್ಟ್ ಅನ್ನುವವರು 1950ರ ದಶಕದಲ್ಲಿ 'ಹೈ ಫಿಡೆಲಿಟಿ' ಪತ್ರಿಕೆಯಲ್ಲಿದ್ದರು. ಜಾಹೀರಾತು ಕೊಡುವವರ ಮುಖ ನೋಡಿ ಬರೆಯುವ ವ್ಯವಹಾರ ಸಾಕಾಗಿ ಹೊರಬಂದರು. 1962ರಲ್ಲಿ 'ಸ್ಟೀರಿಯೋಫೈಲ್' ಶುರು ಮಾಡಿದರು. ಜಾಹೀರಾತು ಇಲ್ಲ, ಚಂದಾದಾರರ ದುಡ್ಡೇ ಆಧಾರ. ಆಗಿದ್ದೇನು? ಪತ್ರಿಕೆ ಹೇಳಿದ ಹೊತ್ತಿಗೆ ಬರುತ್ತಲೇ ಇರಲಿಲ್ಲ. 1973ರಲ್ಲಿ ಹ್ಯಾರಿ ಪಿಯರ್ಸನ್ 'ದಿ ಅಬ್ಸಲ್ಯೂಟ್ ಸೌಂಡ್' ತೆಗೆದಾಗಲೂ ತಯಾರಕರ ಜಾಹೀರಾತು ಬೇಡ ಎಂದೇ ಹೊರಟಿದ್ದರು. ಇವತ್ತು ಎರಡೂ ಪತ್ರಿಕೆಗಳ ತುಂಬ ಜಾಹೀರಾತೇ.

ಜಾಹೀರಾತಿಗಿಂತ ನನಗೆ ಜಾಸ್ತಿ ಮುಖ್ಯ ಅನಿಸುವುದು ಇನ್ನೊಂದು ರಿಯಾಯಿತಿ. ಅಲ್ಲಿ ಅದನ್ನು 'ಅಕಾಮಡೇಷನ್ ಪ್ರೈಸ್' ಅನ್ನುತ್ತಾರೆ. ಈ ವ್ಯಾಪಾರದಲ್ಲಿರುವವರಿಗೆ, ರಿವ್ಯೂ ಬರೆಯುವವರಿಗೆ ಅಂಗಡಿ ಬೆಲೆಗಿಂತ ತುಂಬಾ ಕಡಿಮೆಗೆ ಮಾರುವ ಪದ್ಧತಿ. ನಾಲ್ಕು ಲಕ್ಷದ ಪೆಟ್ಟಿಗೆಯನ್ನು ಎರಡು ಲಕ್ಷಕ್ಕೆ ಕೊಂಡವನು "ಈ ಬೆಲೆಗೆ ಬಲು ಅಗ್ಗ" ಅಂತ ಬರೆದರೆ ಅವನ ಮಟ್ಟಿಗೆ ಅದು ನಿಜವೇ. ನಾಲ್ಕು ಲಕ್ಷ ಎಣಿಸುವವರು ನೀವು.

ಇನ್ನು, ಒಂದರಲ್ಲೂ ಕೆಟ್ಟ ಮಾತಿಲ್ಲ ಅಂದಿರಲ್ಲ, ಅದಕ್ಕೆ ಇನ್ನೊಂದು ಸಾದಾ ಕಾರಣವಿದೆ. ಕೆಟ್ಟ ಪೆಟ್ಟಿಗೆ ಬಂದರೆ ರಿವ್ಯೂವೇ ಬರುವುದಿಲ್ಲ. ಇರುವ ನಾಲ್ಕು ಪುಟವನ್ನು ಬೈಯೋಕೆ ಯಾಕೆ ಹಾಳು ಮಾಡೋದು ಅಂತ ಸಂಪಾದಕರು ಅದನ್ನು ಸುಮ್ನೆ ವಾಪಸ್ ಕಳಿಸುತ್ತಾರೆ. ನಾನೇ ಹಾಗೆ ಮೂರು ಪೆಟ್ಟಿಗೆ ಕಳಿಸಿದ್ದೇನೆ, ಅವುಗಳ ಹೆಸರು ಎಲ್ಲೂ ಅಚ್ಚಾಗಿಲ್ಲ. ಅವನ್ನು ಕೊಂಡವರು ಇದ್ದೇ ಇರುತ್ತಾರೆ, ಅಲ್ವಾ?

ಹಾಗಾದರೆ ಪುಕ್ಕಟೆ ಪೆಟ್ಟಿಗೆ ಬೇಡ ಅಂದವರು ಯಾರೂ ಇಲ್ಲವಾ? ಇದ್ದಾರೆ. 1936ರಲ್ಲಿ ಹುಟ್ಟಿದ ಅಮೆರಿಕದ ಕನ್ಸ್ಯೂಮರ್ಸ್ ಯೂನಿಯನ್. ಅವರ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಜಾಹೀರಾತಿಲ್ಲ, ಪರೀಕ್ಷೆಗೆ ಬೇಕಾದ ವಸ್ತುವನ್ನು ಮಾಮೂಲಿ ಗಿರಾಕಿಯ ಹಾಗೆ ಅಂಗಡಿಯಿಂದಲೇ ತರುತ್ತಾರೆ. 1970ರ ಮೇ ಸಂಚಿಕೆಯಲ್ಲಿ ಅವರು ಬೋಸ್ 901 ಸ್ಪೀಕರ್ ಬಗ್ಗೆ ಬರೆದರು. ಒಂದೊಂದು ವಾದ್ಯದ ಸದ್ದೂ ಕೋಣೆಯಲ್ಲೆಲ್ಲ ಅಲೆದಾಡಿದಂತೆ ಕೇಳುತ್ತದೆ ಅನ್ನುವುದು ಅದರಲ್ಲಿನ ಒಂದು ಮಾತು. ಆ ಕಂಪನಿ ಕಟ್ಟಿದವರು ಅಮರ್ ಬೋಸ್. ಭಾರತದಿಂದ ಹೋದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಎಂಐಟಿಯಲ್ಲಿ ಪ್ರೊಫೆಸರ್. ಕಂಪನಿ ಕೋರ್ಟಿಗೆ ಹೋಯಿತು. ಪರೀಕ್ಷೆ ಮಾಡಿದವರು ಕೇಳಿದ್ದು ಸದ್ದು ಎರಡು ಸ್ಪೀಕರ್ ನಡುವೆ ಗೋಡೆಯುದ್ದಕ್ಕೂ ಸರಿದಾಡಿದ್ದು, ಬರೆದದ್ದು ಕೋಣೆಯಲ್ಲೆಲ್ಲ ಅಂತ. ವಾದ ನಿಂತದ್ದು ಇದರ ಮೇಲೆ! ಕೆಳಗಿನ ಕೋರ್ಟು ಬೋಸ್ ಕಂಪನಿಗೆ ಸುಮಾರು 1,15,000 ಡಾಲರ್ ಪರಿಹಾರ ಕೊಡಿಸಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪತ್ರಿಕೆಯ ಪರವಾಗಿಯೇ ತೀರ್ಪು ಕೊಟ್ಟಿತು. ಒಂದು ಲೇಖನದ ಬೆನ್ನಿಗೆ ಹದಿನಾಲ್ಕು ವರ್ಷ. ದೊಡ್ಡ ಸಂಸ್ಥೆ, ತಡೆದುಕೊಂಡಿತು. ನಮ್ಮಂಥ ಮೂರೂವರೆ ಜನರ ಪತ್ರಿಕೆ ಆಗಿದ್ದರೆ ಮೊದಲ ವಕೀಲರ ನೋಟಿಸಿಗೇ ಬಾಗಿಲು ಹಾಕುತ್ತಿತ್ತು. ನನ್ನ ಆ ಹಮ್ ವಾಕ್ಯ ಮೆತ್ತಗಾದದ್ದರಲ್ಲಿ ಈ ಹೆದರಿಕೆಯೂ ಒಂದು ಚಮಚ ಇತ್ತು ಅಂತ ಈಗ ಅನಿಸುತ್ತದೆ.

ಏನೂ ತೆಗೆದುಕೊಳ್ಳದೆಯೂ ಕಿವಿ ವಾಲಬಹುದು, ಅದನ್ನೂ ಹೇಳಬೇಕು. 2014ರ ಕೊನೆಯಲ್ಲಿ ಎಂಕ್ಯೂಎ ಅನ್ನುವ ಹೊಸ ಆಡಿಯೋ ಫಾರ್ಮ್ಯಾಟ್ ಬಂತು. ಸ್ಟುಡಿಯೋ ಗುಣಮಟ್ಟ ಸಣ್ಣ ಫೈಲಿನಲ್ಲೇ ಸಿಗುತ್ತದೆ ಅನ್ನುವುದು ಅದರ ಮಾತು. ದೊಡ್ಡ ಹೈಫೈ ಪತ್ರಿಕೆಗಳು ಹೊಸ ಲೋಕವೇ ಹುಟ್ಟಿತು ಅನ್ನುವ ಧಾಟಿಯಲ್ಲಿ ಕೊಂಡಾಡಿದವು. ಅಷ್ಟೇನಿಲ್ಲ ಅಂತ ಅಳೆದು ತೋರಿಸುತ್ತ ಬಂದವರಲ್ಲಿ ಬಹಳಷ್ಟು ಜನ ಹೊರಗಿನ ಹವ್ಯಾಸಿಗಳು. 2023ರಲ್ಲಿ ಆ ಕಂಪನಿ ದಿವಾಳಿಯ ಹಾದಿ ಹಿಡಿಯಿತು, ಮರುವರ್ಷ ಅದನ್ನು ಬಳಸುತ್ತಿದ್ದ ಹಾಡಿನ ಸ್ಟ್ರೀಮಿಂಗ್ ಸೇವೆ ಟೈಡಲ್ ಕೂಡ ಆ ಫಾರ್ಮ್ಯಾಟ್ ಕೈಬಿಟ್ಟಿತು. ಪತ್ರಿಕೆಯವರು ಏನೋ ತಿಂದರು ಅಂತ ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ಅದೇ ಮೇಳಗಳಲ್ಲಿ, ಅದೇ ಎಂಜಿನಿಯರುಗಳ ಜೊತೆ ಊಟ ಮಾಡಿದವರಿಗೆ ಅವರ ಮಾತು ಮನೆಯವರ ಮಾತಿನ ಹಾಗೆ ಕೇಳುತ್ತದೆ, ಅಷ್ಟೇ.

ನಮ್ಮಲ್ಲೂ 2022–23ರಿಂದ ಸರ್ಕಾರದ ನಿಯಮಗಳಿವೆ. ಯೂಟ್ಯೂಬ್‌ನಲ್ಲಿ ಒಂದು ವಸ್ತುವನ್ನು ಹೊಗಳಿ ಪ್ರಚಾರ ಮಾಡುವವರು ಪುಕ್ಕಟೆ ವಸ್ತು, ಪ್ರವಾಸ, ಡಿಸ್ಕೌಂಟ್ ಪಡೆದಿದ್ದರೆ ಹೇಳಬೇಕು. ಒಳ್ಳೆಯದೇ. ಆದರೆ "ಟೆಸ್ಟಿಗೆ ಕೊಟ್ಟ ಕಂಪನಿಗೆ ಥ್ಯಾಂಕ್ಸ್" ಅಂದವರು ಆಮೇಲೆ ಅದನ್ನು ವಾಪಸ್ ಕೊಟ್ಟರಾ ಅಂತ ಹೇಳಿದ್ದನ್ನು ನಾನು ಹೆಚ್ಚು ಕೇಳಿಲ್ಲ. ನೀವು ಅದನ್ನೇ ಹುಡುಕಿ. ರಿವ್ಯೂ ಕೊನೆಯಲ್ಲಿ, ಪರೀಕ್ಷೆಗೆ ಬಳಸಿದ ಉಪಕರಣಗಳು ಅಂತ ಸಣ್ಣ ಅಕ್ಷರದ ಪಟ್ಟಿ ಇರುತ್ತದೆ. ಒಂದೇ ಆಂಪ್ ವರ್ಷಗಟ್ಟಲೆ ಅಲ್ಲಿ ಕೂತಿದ್ದರೆ, ಅದು ಯಾರ ದುಡ್ಡಿನದು ಅಂತ ಬರೆದಿದ್ದಾರಾ ನೋಡಿ. ನಾನು ಬರೆದಿರಲಿಲ್ಲ. ಅಳತೆಯ ಗ್ರಾಫ್ ಹಾಕುವ ಪತ್ರಿಕೆ ಸಿಕ್ಕರೆ ಅದಕ್ಕೆ ಜಾಸ್ತಿ ಬೆಲೆ ಕೊಡಿ. ಸ್ಟೀರಿಯೋಫೈಲನ್ನು ಇಷ್ಟು ಬೈದು ಒಂದು ಒಳ್ಳೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿ ಬರೆದವರು ಹಾಡಿ ಹೊಗಳಿದ ಪೆಟ್ಟಿಗೆಯ ಅಳತೆಯನ್ನು ಬೇರೊಬ್ಬರು ಮಾಡುತ್ತಾರೆ, ಅದು ಕೆಟ್ಟದಾಗಿದ್ದರೂ ಅದೇ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ, ಮಜಾ ಇರುತ್ತದೆ.

ಮತ್ತೆ ರಿವ್ಯೂ ಬರೆಯುವ ನಮ್ಮವರ ಭಾಷೆಯೂ ನಿಮಗೆ ಗೊತ್ತಿರಲಿ. "ಸ್ಪೀಕರ್ ಆಯ್ಕೆಯಲ್ಲಿ ಎಚ್ಚರ ಬೇಕು" ಅಂದರೆ ಏನೋ ತೊಂದರೆ ಇದೆ. "ಪಳಗಲು ಇನ್ನೂರು ಗಂಟೆ ಬೇಕು" ಅಂದರೆ ಮೊದಲ ದಿನ ಹಿಡಿಸಲಿಲ್ಲ. "ಎಲ್ಲರಿಗೂ ಅಲ್ಲ" ಅಂದರೆ ನನಗೂ ಅಲ್ಲ.

ಹದಿನಾಲ್ಕು ತಿಂಗಳ ಮೇಲೆ ಆ ಆಂಪ್ ಏನಾಯಿತು ಅಂದರೆ, ಕೊಂಡುಬಿಟ್ಟೆ. ಅರ್ಧ ಬೆಲೆಗೆ. ಈಗಲೂ ಹಾಲಿನಲ್ಲೇ ಇದೆ. ಆಮೇಲೆ ಒಂದು ವರ್ಷ ಕಳೆದು ರಿವ್ಯೂ ಬರೆಯುವುದನ್ನು ಬಿಟ್ಟೆ. ಕಾರಣ ಧರ್ಮಸಂಕಟವೇನಲ್ಲ, ಮಗಳ ಪಿಯುಸಿ.

ನೀವು ಕೇಳಿದ ಮಾಡೆಲನ್ನು ನಾನು ಕೇಳಿಲ್ಲ, ಹಾಗಾಗಿ ತಗೊಳ್ಳಿ ಬಿಡಿ ಅಂತ ಹೇಳಲಾರೆ. ಶೋರೂಮಿಗೆ ಹೋದಾಗ ನಿಮ್ಮ ಸ್ಪೀಕರನ್ನೇ ಕಾರಿನಲ್ಲಿ ಹಾಕಿಕೊಂಡು ಹೋಗಿ. ಅವರು ಡೆಮೊ ಹಾಡು ಹಾಕುವ ಮೊದಲು ಎಸಿ ಆರಿಸಲು ಹೇಳಿ. ಏನೂ ನುಡಿಸದೆ, ಸ್ಪೀಕರಿಗೆ ಕಿವಿ ಹಚ್ಚಿ ಅರ್ಧ ನಿಮಿಷ ಸುಮ್ನೆ ಕೂತುಕೊಳ್ಳಿ.