ಶಾಲೆ ಮಕ್ಕಳಿಗೆ ಈಜು, ಕಯಾಕ್: ದೋಣಿ ಆಮೇಲೆ, ಮೊದಲು ನೀರು

ಟೀಚರಿಗೆ ನಮಸ್ಕಾರ. ನಿಮ್ಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಏಪ್ರಿಲ್ ರಜೆಯಲ್ಲಿ ಈಜು ಮತ್ತು ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಕಲಿಸಬೇಕೆಂದು ಪಿ.ಟಿ.ಎ.ಯವರು, ಅಂದರೆ ಹೆತ್ತವರ-ಶಿಕ್ಷಕರ ಸಂಘದವರು, ಹೊರಟಿದ್ದಾರೆ, ದಾನಿಯೊಬ್ಬರು ನಾಲ್ಕು ಕಯಾಕ್ ಕೊಡಿಸುತ್ತೇನೆಂದಿದ್ದಾರೆ, ತೋಟದ ಕೆರೆ ಸಾಕೇ, ಹೊಳೆಗೆ ಹೋಗಬೇಕೇ ಎಂದು ಕೇಳಿದ್ದೀರಿ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದನ್ನು ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೆರೆಗಳು ಇರುವುದೇ ನಮ್ಮ ತೋಟಗಳಲ್ಲಿ. ಹನ್ನೆರಡು ವರ್ಷಗಳಿಂದ ನೆರೆಕರೆಯ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಮೊದಲು ದಾನಿಗಳಲ್ಲಿ ಒಂದು ಮಾತು ಕೇಳಿಕೊಳ್ಳಿ. ಈ ವರ್ಷ ಕಯಾಕ್ ಬೇಡ. ಅದೇ ಹಣದಲ್ಲಿ ಮಕ್ಕಳ ಅಳತೆಯ ಒಳ್ಳೆಯ ಲೈಫ್ ಜಾಕೆಟ್ ತರಿಸಿ, ಒಬ್ಬ ತರಬೇತಾದ ಜೀವರಕ್ಷಕರನ್ನು ಹತ್ತು ದಿನ ಕರೆಸಲಿ. ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಕರ ತರಬೇತಿ ಇದೆ; ಅಂಥ ಕಡೆ ಕಲಿತವರನ್ನೇ ಹುಡುಕಿ. ಈಜಲು ಬಾರದ ಮಗುವನ್ನು ದೋಣಿಯಲ್ಲಿ ಕೂರಿಸಿದರೆ ಅದು ಕಲಿಯುವುದು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಮಾತ್ರ.

ಎರಡನೆಯದಾಗಿ, ಏಪ್ರಿಲ್ ಬೇಡ. ಆಗ ಕೆರೆಯ ನೀರು ತಳ ಸೇರಿರುತ್ತದೆ, ಬಿಸಿಯಾಗಿರುತ್ತದೆ, ನಿಂತಿರುತ್ತದೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಬಂದ ಮೆದುಳು ಜ್ವರದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ಕುಡಿದ ನೀರಿನಿಂದ ಬರುವುದಿಲ್ಲ. ಬರುವುದು ಅಪರೂಪ, ಬಂದರೆ ಜೀವಕ್ಕೇ ಅಪಾಯ. ಆದ್ದರಿಂದ ಕೆಸರು ಕಲಕುವ ಆಟ ಬೇಡ, ಮೇಲಿನಿಂದ ಹಾರುವುದು ಬೇಡ, ಮೂಗಿಗೆ ಕ್ಲಿಪ್ ಇರಲಿ. ನೀರಿಗಿಳಿದ ಹನ್ನೆರಡು ದಿನಗಳೊಳಗೆ ಜ್ವರ, ತೀವ್ರ ತಲೆನೋವು, ವಾಂತಿ ಬಂದರೆ ಮಗು ಈಜಿದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು ಎಂದು ಹೆತ್ತವರಿಗೆ ಬರೆದು ಕೊಡಿ. ಕಾಲಿನಲ್ಲಿ ಗಾಯವಿರುವ ಮಗು ಇಳಿಯುವುದು ಬೇಡ, ಇಲಿಜ್ವರದ ಭಯವಿದೆ.

ಕ್ರಿಸ್ಮಸ್ ರಜೆಯ ಹತ್ತು ದಿನ ನನ್ನ ಆಯ್ಕೆ. ಹೊಳೆ ಆಗ ತಿಳಿಯಾಗಿರುತ್ತದೆ, ಸೆಳೆತ ಇಳಿದಿರುತ್ತದೆ, ಕಟ್ಟ (ನೀರು ನಿಲ್ಲಿಸಲು ಹೊಳೆಗೆ ಅಡ್ಡ ಹಾಕುವ ಒಡ್ಡು) ಕಟ್ಟಿದಲ್ಲಿ ಮೇಲ್ಭಾಗದಲ್ಲಿ ಸೊಂಟದಷ್ಟು ನೀರು ನಿಂತು ನಿಧಾನವಾಗಿ ಹರಿಯುತ್ತಿರುತ್ತದೆ. ಅಂಥ ಜಾಗ ಸಿಕ್ಕಿದರೆ ಕೆರೆಗಿಂತ ಮೇಲು. ಆದರೆ ಕಟ್ಟದ ಬುಡದಿಂದ ಕನಿಷ್ಠ ಇಪ್ಪತ್ತೈದು ಮೀಟರ್ ದೂರವಿರಿ, ಸಂದಿನಲ್ಲಿ ನೀರು ಎಳೆಯುತ್ತದೆ. ಮಕ್ಕಳನ್ನು ಇಳಿಸುವ ಮೊದಲು ದೊಡ್ಡವರು ಇಬ್ಬರು ಕೋಲು ಹಿಡಿದು ಅಡಿ ಅಡಿ ತಳ ನೋಡಿ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ: ಮೊಣಕಾಲಿನಷ್ಟು ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಇಲ್ಲವಾಗುತ್ತಾರೆ. ನೋಡಿದ ಜಾಗದ ಸುತ್ತ ಹಗ್ಗ ಕಟ್ಟಿ.

ತೋಟದ ಕೆರೆಯೇ ಆಗುವುದಾದರೆ ಮುರಕಲ್ಲು (ಕೆಂಪುಕಲ್ಲು) ಕಡಿದ ನೇರ ಗೋಡೆಯ ಕೆರೆ ಬೇಡ. ಒಂದು ಬದಿಗಾದರೂ ಮೆಟ್ಟಿಲು, ಮೆಟ್ಟಿಲಲ್ಲಿ ಪಾಚಿ ಉಜ್ಜಿ ತೆಗೆದಿರಬೇಕು. ಪಂಪಿನ ಮೈನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಇಳಿಯಿರಿ; ನೀರಿನಲ್ಲಿ ಕೇಬಲ್ ಇರುವ ಕೆರೆಯಲ್ಲಿ ಬರೀ ಸ್ವಿಚ್ಚನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದಿನ ಡ್ರಮ್ ತೊಳೆಯುವ ಕೆರೆಯನ್ನು ಬಿಟ್ಟುಬಿಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕಂತೂ ಯಾವ ಕಾರಣಕ್ಕೂ ಮಕ್ಕಳನ್ನು ಇಳಿಸಬೇಡಿ. ಅದರ ಇಳಿಜಾರಿನಲ್ಲಿ ಈಜು ಬಲ್ಲ ಗಂಡಸಿಗೂ ಹತ್ತಿ ಬರಲಾಗುವುದಿಲ್ಲ. ಗುಂಪಿನಲ್ಲಿ ಅಂಥ ಹೊಂಡ ಇರುವವರೆಲ್ಲ ಗಂಟು ಹಾಕಿದ ಹಗ್ಗ ಒಂದೆರಡನ್ನು ಇವತ್ತೇ ಇಳಿಬಿಡಿ, ದಯವಿಟ್ಟು. ಇದು ಯಾವುದೂ ಹೊಂದಿಕೆಯಾಗದಿದ್ದರೆ ಬಸ್ಸು ಮಾಡಿಕೊಂಡು ಮಂಗಳೂರಿನ ಈಜುಕೊಳಕ್ಕೆ ಹೋಗುವುದು ಖರ್ಚಿನದಾದರೂ ತಪ್ಪಲ್ಲ, ಕ್ಲೋರಿನ್ ಹಾಕಿದ ನೀರಾದರೂ ಸಿಗುತ್ತದೆ.

ಇನ್ನು ಕಲಿಸುವುದು. ನಾವು ಕಲಿತದ್ದು ಸುಲಿಯದ ಎರಡು ಒಣ ತೆಂಗಿನಕಾಯಿಯನ್ನು ಹಗ್ಗದಲ್ಲಿ ಜೋಡಿಸಿ ಎದೆಯಡಿಗೆ ಇಟ್ಟುಕೊಂಡು. ಇವತ್ತಿಗೂ ನಾನು ಅದನ್ನೇ ಕೊಡುತ್ತೇನೆ. ಟಯರಿನ ಟ್ಯೂಬಿನಲ್ಲಿ ಮಗು ಒಳಗಿನಿಂದ ಜಾರುತ್ತದೆ. ಕಾಯಿ ಕಂಕುಳಿನಲ್ಲಿ ನಿಲ್ಲುತ್ತದೆ, ಕಾಲು ಬಡಿಯಲು ಬಿಡುತ್ತದೆ. ಐದನೆಯ ದಿನದ ಹೊತ್ತಿಗೆ ಒಂದೇ ಕಾಯಿಯನ್ನು ಎರಡು ಕೈಯಲ್ಲಿ ಮುಂದೆ ಹಿಡಿಸುತ್ತೇನೆ.

ಆದರೆ ಅದಕ್ಕಿಂತ ಮೊದಲು ಅಂಗಾತ ತೇಲಬೇಕು. ಎರಡು ದಿನ ಪೂರ್ತಿ ಇದಕ್ಕೇ ಕೊಡಿ, ಅವಸರ ಮಾಡಬೇಡಿ. ಒಂದು ಅಂಗೈ ಮಗುವಿನ ತಲೆಯ ಹಿಂದೆ, ಇನ್ನೊಂದು ಸೊಂಟದ ಕೆಳಗೆ. ಕಿವಿಗೆ ನೀರು ತಾಗಿದ ಕ್ಷಣ ಮಗು ಕತ್ತೆತ್ತುತ್ತದೆ. ಕತ್ತೆತ್ತಿದರೆ ಸೊಂಟ ಇಳಿಯುತ್ತದೆ. ಸೊಂಟ ಇಳಿದರೆ ಹೆದರಿ ನಿಮ್ಮ ಕುತ್ತಿಗೆಗೆ ಜೋತುಬೀಳುತ್ತದೆ. ಗದರಬಾರದು. "ಮೇಲೆ ನೋಡು, ಆ ಮರದಲ್ಲಿ ಎಷ್ಟು ಗೊನೆ ಇದೆ ಎಣಿಸು" ಎನ್ನುತ್ತೇನೆ. ಎಣಿಸತೊಡಗಿದರೆ ಗದ್ದ ತಾನಾಗಿ ಮೇಲಾಗುತ್ತದೆ, ಹೊಟ್ಟೆ ನೀರಿನ ಮಟ್ಟಕ್ಕೆ ಬರುತ್ತದೆ. ಆಗ ಸೊಂಟದ ಕೈಯನ್ನು ಮೊದಲು, ತಲೆಯ ಕೈಯನ್ನು ಕೊನೆಗೆ, ಒಂದೊಂದೇ ಬೆರಳಾಗಿ ತೆಗೆಯಬೇಕು. ಕೈ ತೆಗೆದದ್ದು ಮಗುವಿಗೆ ಗೊತ್ತಾಗುವಾಗ ಅದು ಆಗಲೇ ತೇಲುತ್ತಿರುತ್ತದೆ. ಆ ಮುಖ ನೋಡಲೆಂದೇ ನಾನು ಪ್ರತಿ ವರ್ಷ ಈ ಕೆಲಸಕ್ಕೆ ಇಳಿಯುತ್ತೇನೆ.

ಹತ್ತನೆಯ ದಿನ ಅಂಗಿ ಚಡ್ಡಿ ಹಾಕಿಕೊಂಡೇ ಮೂರು ನಿಮಿಷ ತೇಲಿ, ಹದಿನೈದು ಮೀಟರ್ ದಡಕ್ಕೆ ಬಂದವರಿಗೆ ಮಾತ್ರ ಮುಂದೆ ಕಯಾಕ್. ಉಳಿದವರಿಗೆ ಇನ್ನೊಂದು ಸುತ್ತು. ಶೈಲಿಯೆಲ್ಲ ಆಮೇಲೆ.

ಒಬ್ಬ ದೊಡ್ಡವರಿಗೆ ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ದಡದಲ್ಲಿ ಇನ್ನೊಬ್ಬರು ತಲೆ ಎಣಿಸುವ ಕೆಲಸಕ್ಕೇ ನಿಲ್ಲಬೇಕು, ಮೊಬೈಲ್ ಇಲ್ಲದೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ನೆಟ್ಟಗೆ ನಿಂತಂತೆ ಇದ್ದು ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಇಳಿಯುತ್ತ ಸದ್ದಿಲ್ಲದೆ ಹೋಗುತ್ತದೆ. ಕೈಗೆಟಕುವಲ್ಲಿ ಬಿದಿರಿನ ದೋಟಿ (ಕಾಯಿ ಕೊಯ್ಯುವ ಉದ್ದ ಕೋಲು) ಇರಲಿ, ಲೋಹದ್ದಾಗಲಿ ಕಾರ್ಬನಿನದ್ದಾಗಲಿ ಬೇಡ, ತೋಟದ ಮೇಲೆ ಕರೆಂಟಿನ ತಂತಿ ಇರುತ್ತದೆ. ಜೊತೆಗೆ ಹಗ್ಗ ಕಟ್ಟಿದ ಐದು ಲೀಟರಿನ ಕ್ಯಾನ್. ಮುಚ್ಚಳ ಬಿಗಿಯಾಗಿದ್ದರೆ ಅದು ಸುಮಾರು ಐದು ಕಿಲೋ ಎತ್ತಿ ಹಿಡಿಯುತ್ತದೆ. ದೂರ ಎಸೆಯಲು ಬರುವಂತೆ ತಳದಲ್ಲಿ ಸ್ವಲ್ಪ ನೀರು ಬಿಡಿ. ಮೇಲೆತ್ತಿದ ಮಗು ಉಸಿರಾಡದಿದ್ದರೆ ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ನಮ್ಮ ಕಡೆ ಇನ್ನೂ ಇದೆ. ಅದರಿಂದ ಹೊತ್ತು ಹಾಳಾಗುತ್ತದೆ. ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಿ; ಚಲನೆ ಇಲ್ಲದಿದ್ದರೆ ಎದೆಯ ನಡುವೆ ಮೂವತ್ತು ಒತ್ತು, ಎರಡು ಉಸಿರು, ಹೀಗೆಯೇ ಮುಂದುವರಿಸಿ. ಇನ್ನೊಬ್ಬರು ಆಗಲೇ 108ಕ್ಕೆ ಕರೆ ಮಾಡಿರಬೇಕು. ಸಹಾಯಕರೆಲ್ಲ ಇದನ್ನು ಮೊದಲೇ ಆಸ್ಪತ್ರೆಯವರಿಂದ ಕೈಯಾರೆ ಕಲಿತಿರಲಿ.

ಜಾಕೆಟ್ ವಿಷಯ ಒತ್ತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹಿನ್ನೀರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ದೋಣಿಯವರು ಕೊಟ್ಟ ದೊಡ್ಡವರ ಜಾಕೆಟ್ಟನ್ನು ಒಬ್ಬ ಸಪೂರ ಹುಡುಗನಿಗೆ ಹಾಕಿದೆವು. ನೀರಿಗೆ ಬಿದ್ದದ್ದೇ ತಡ, ಜಾಕೆಟ್ ಮೇಲೆ ಉಳಿಯಿತು, ಹುಡುಗ ಅದರೊಳಗಿನಿಂದ ಕೆಳಗೆ ಜಾರಿದ. ತೋಳು ಸಿಕ್ಕಿಕೊಂಡದ್ದರಿಂದ ಹಿಡಿಯಲು ಸಿಕ್ಕಿದ. ಅಂದಿನಿಂದ ದಡದಲ್ಲೇ ಪ್ರತಿಯೊಬ್ಬರ ಜಾಕೆಟ್ಟನ್ನು ಹೆಗಲ ಬಳಿ ಹಿಡಿದು ಮೇಲೆತ್ತುತ್ತೇನೆ. ಗದ್ದ ದಾಟಿ ಕಿವಿಗೆ ಬಂದರೆ ಅದು ಆ ಮಗುವಿನದ್ದಲ್ಲ. ತೊಡೆಯ ನಡುವಿನ ಪಟ್ಟಿ ಇರುವುದನ್ನೇ ಕೊಳ್ಳಿ.

ಹೆಣ್ಣುಮಕ್ಕಳ ವಿಷಯ. ಪಟ್ಟಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳ ಹೆಸರು ಇರುತ್ತದೆ, ಎರಡನೆಯ ದಿನಕ್ಕೆ ಅವರಲ್ಲಿ ಅರ್ಧದಷ್ಟೂ ಬರುವುದಿಲ್ಲ. ಕಾರಣ ಭಯವಲ್ಲ, ಬಟ್ಟೆ ಬದಲಿಸಲು ಜಾಗವಿಲ್ಲದ್ದು. ನಾಲ್ಕು ಕಂಬಕ್ಕೆ ಟಾರ್ಪಾಲು ಕಟ್ಟಿ, ಒಳಗೆ ಒಂದು ಬಕೆಟ್ ಒಳ್ಳೆಯ ನೀರು ಇಡಿ. ಲೆಗಿಂಗ್ಸ್, ಟೀ ಶರ್ಟ್ ಸಾಕು. ಶಾಲು, ದೊಗಳೆ ಸಲ್ವಾರ್ ಬೇಡ, ನೆನೆದರೆ ಭಾರ. ನೀರಿನಲ್ಲಿ ಒಬ್ಬ ಟೀಚರ್ ಇದ್ದೇ ಇರಬೇಕು. ನಿಮಗೆ ಈಜು ಬಾರದಿದ್ದರೆ ಮಕ್ಕಳಿಗಿಂತ ಮೊದಲು ನಿಮಗೆ ಕಲಿಸುತ್ತೇವೆ.

ಕಯಾಕ್ ಮುಂದಿನ ವರ್ಷದ ಮಾತಾದ್ದರಿಂದ ಚುಟುಕಾಗಿ: ಮೇಲೆ ಕೂರುವ ಬಗೆಯದ್ದನ್ನು ಕೊಳ್ಳಿ, ಮಗುಚಿದರೆ ಕಾಲು ಸಿಕ್ಕುವುದಿಲ್ಲ. ಮೊದಲ ಪಾಠವೇ ಸೊಂಟದ ನೀರಿನಲ್ಲಿ ಬೇಕೆಂದೇ ಮಗುಚಿ, ದೋಣಿಯನ್ನು ಬಿಡದೆ ಹಿಡಿದು, ಮತ್ತೆ ಹತ್ತುವುದು. ಹುಟ್ಟು ಹಾಕುವುದು ಆಮೇಲೆ. ಹೊಳೆ ಕಡಲು ಸೇರುವ ಕುಂಬಳೆಯ ಅಳಿವೆಗಾಗಲಿ ಚಂದ್ರಗಿರಿ ಹೊಳೆಯ ಬಾಯಿಗಾಗಲಿ ಹೋಗುವುದು ಬೇಡ: ಇಳಿತದ ನೀರು ದೋಣಿಯನ್ನು ಕಡಲಿಗೆ ಎಳೆಯುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಸೆಳೆತ ಇನ್ನೂ ಜೋರು. ವಲಿಯಪರಂಬದ ಹಿನ್ನೀರು ದೂರವಾದರೂ ಮರಳ ದಿಬ್ಬದ ಮರೆಯಲ್ಲಿದೆ. ಅಲ್ಲಿಯೂ ಬೆಳಗ್ಗೆ ಹತ್ತಕ್ಕೆ ಮುಗಿಸಿ, ಆಮೇಲೆ ಕಡಲ ಗಾಳಿ ಏಳುತ್ತದೆ.

ಪಿ.ಟಿ.ಎ. ಸಭೆ ಯಾವ ದಿನ ಎಂದು ತಿಳಿಸಿ. ಒಂದು ಜಾಕೆಟ್, ಬಿದಿರಿನ ದೋಟಿ ಹಿಡಿದುಕೊಂಡು ಬಂದು ಹೆತ್ತವರಿಗೆ ನಾನೇ ತೋರಿಸುತ್ತೇನೆ. ಒಣ ಕಾಯಿ ಹದಿನೈದು ಜೊತೆ ನಮ್ಮ ಅಟ್ಟದಲ್ಲಿದೆ, ಹಗ್ಗ ಮಾತ್ರ ಹೊಸದು ತರಿಸಿ.