ಮಂಗಳೂರಿಂದ ವಾಪಸ್ ಬರೋ ಲೆಕ್ಕದಲ್ಲಿ ಶಿರಾಡಿ ಘಾಟಿ ಬಿಟ್ಟುಹೋಗಿದೆ ಸರ್

ಎಲೆಕ್ಟ್ರಿಕ್ ಕಾರಿನವರ ಈ ಗುಂಪಲ್ಲಿ ನೀವು ಹಾಕಿದ ಟ್ರಿಪ್ ಪ್ಲಾನ್ ಪೂರ್ತಿ ಓದಿದೆ. 40.5 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್ ಇ.ವಿ., ನಾಲ್ಕು ಜನ, ಬೆಂಗಳೂರಿಂದ 100% ಹೊರಟು ಹಾಸನದಲ್ಲಿ ಒಂದು ಸ್ಟಾಪ್, ಅಲ್ಲಿಂದ ಮಂಗಳೂರು. ಮೂರನೇ ದಿನ ಮಂಗಳೂರಲ್ಲಿ ಫಾಸ್ಟ್ ಚಾರ್ಜರ್‌ನಲ್ಲಿ 80% ಮಾಡ್ಕೊಂಡು ಸೀದಾ ಹಾಸನಕ್ಕೆ ವಾಪಸ್. "ಹೋಗುವಾಗ ಹಾಸನದಿಂದ 58% ಖರ್ಚಾಗುತ್ತೆ, ಬರುವಾಗಲೂ ಅಷ್ಟೇ, 20% ಮೇಲೆ ಉಳಿಯುತ್ತೆ" ಅಂತ ಬರೆದಿದ್ದೀರಿ. ಹೋಗೋ ಲೆಕ್ಕ ಸರಿ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಬರೋ ಲೆಕ್ಕ ತಪ್ಪು. ಮಾರನಹಳ್ಳಿ ಹತ್ರ ಎ.ಸಿ. ಆಫ್ ಮಾಡಿ ಲಾರಿ ಹಿಂದೆ 30ರಲ್ಲಿ ತೆವಳಿದವರಲ್ಲಿ ನಾನೂ ಒಬ್ಬ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮಂಗಳೂರು ಸಮುದ್ರಮಟ್ಟ. ಸಕಲೇಶಪುರ ಸುಮಾರು 950 ಮೀಟರ್. ಅದರಲ್ಲಿ 800 ಮೀಟರಿಗೂ ಹೆಚ್ಚು ಏರು ಘಾಟಿ ಬುಡದ ಗುಂಡ್ಯ ದಾಟಿದ ಮೇಲೇ ಬರೋದು. ನಾನು ಇಟ್ಕೊಂಡಿರೋ ಲೆಕ್ಕ ಇಷ್ಟೇ: ಜನ, ಲಗೇಜು ಸೇರಿ 1,700 ಕೆ.ಜಿ. ತೂಗೋ ಕಾರಿಗೆ 100 ಮೀಟರ್ ಏರಿಗೆ ಅರ್ಧ ಯೂನಿಟ್ ಹೆಚ್ಚುವರಿ. ಇಳಿಯುವಾಗ ಅದೇ 100 ಮೀಟರಿಗೆ ರೀಜೆನ್‌ನಲ್ಲಿ (ಇಳಿಯುವಾಗ, ಬ್ರೇಕ್ ಹಿಡಿದಾಗ ಮೋಟರ್ರೇ ಬ್ಯಾಟರಿಗೆ ಕರೆಂಟ್ ತುಂಬೋದು) ವಾಪಸ್ ಸಿಗೋದು 0.3 ಯೂನಿಟ್ ಆಸುಪಾಸು, ಅರ್ಧ ಅಲ್ಲ. ಮೋಟರ್, ಇನ್ವರ್ಟರ್, ಟೈರು ಎಲ್ಲಾ ತಮ್ಮ ತಮ್ಮ ಪಾಲು ಮುರಿದುಕೊಂಡೇ ಕೊಡೋದು. ನಿಮ್ಮದಕ್ಕಿಂತ ಭಾರದ ಕಾರು ಇರೋರು ತೂಕದ ಪ್ರಮಾಣದಲ್ಲಿ ಏರಿಸಿಕೊಳ್ಳಿ. ಎರಡು ಟನ್ ಮೀರಿದ ಗಾಡಿಗೆ 0.6 ಹಿಡೀರಿ.

ಈಗ ಹಾಕಿ ನೋಡಿ. ಹಾಸನ–ಮಂಗಳೂರು 170 ಕಿ.ಮೀ. ಯೂನಿಟ್‌ಗೆ 6.5 ಕಿ.ಮೀ. ಅಂದ್ರೆ 26 ಯೂನಿಟ್. ಇಳಿಯುವಾಗ ಇದರಲ್ಲಿ ಮೂರು ಯೂನಿಟ್ ಹತ್ತಿರ ಕಳೀರಿ, 23 ಚಿಲ್ಲರೆ. ಬ್ಯಾಟರಿನ 40 ಯೂನಿಟ್ ಅಂದ್ಕೊಂಡ್ರೆ 58%, ನೀವು ಹೇಳಿದ್ದೇ. ಹತ್ತುವಾಗ 26ಕ್ಕೆ ಐದು ಸೇರಿಸಿ. 31 ಯೂನಿಟ್, 77%. 80ರಲ್ಲಿ ಹೊರಟವರು ಹಾಸನ ಬೈಪಾಸ್ ಮುಟ್ಟೋದು 3%ನಲ್ಲಿ. ಅದೂ ಒಣ ರಸ್ತೆಯಲ್ಲಿ, 80ರ ಸ್ಪೀಡಲ್ಲಿ. ಮಳೆ ಬಂದ್ರೆ ನೀರು ಸೀಳ್ಕೊಂಡು ಹೋಗೋದಕ್ಕೇ ಇನ್ನೊಂದು 10% ಖರ್ಚು ಹೆಚ್ಚಾಗುತ್ತೆ, ಅಲ್ಲಿಗೆ ಹಾಸನ ಇಲ್ಲ.

ಡ್ಯಾಶ್‌ಬೋರ್ಡ್ ತೋರಿಸೋ ಕಿ.ಮೀ. ಈ ವಿಷಯದಲ್ಲಿ ಸುಳ್ಳುಬುರುಕ. ಅದು ಈವರೆಗೆ ಓಡಿಸಿದ್ದರ ಸರಾಸರಿ ಹಿಡಿದು ಮುಂದಿನದನ್ನ ಊಹಿಸುತ್ತೆ, ಮುಂದೆ ಗುಡ್ಡ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿವರೆಗೆ ಆರಾಮಾಗಿ ಬಂದಿರ್ತೀರಿ, "ಇನ್ನೂ ಬೇಕಾದಷ್ಟು ಕಿ.ಮೀ. ಇದೆ" ಅಂತ ತೋರಿಸುತ್ತೆ. ಗುಂಡ್ಯ ದಾಟಿದ ಹತ್ತು ಕಿ.ಮೀ.ಗೆ ಆ ಅಂಕಿ ಕುಸಿಯೋದು ನೋಡಿದ್ರೆ ಹೊಟ್ಟೆ ತೊಳೆಸುತ್ತೆ. ಪರ್ಸೆಂಟ್ ಮಾತ್ರ ನೋಡಿ.

ಪರ್ಸೆಂಟ್ ಕೂಡ ಯಾವಾಗ ನಂಬಬಹುದು ಅಂದ್ರೆ, ಟ್ರಿಪ್ ಹಿಂದಿನ ರಾತ್ರಿ ಮನೇಲಿ ನಿಧಾನ ಚಾರ್ಜರ್‌ನಲ್ಲಿ 100% ಮುಟ್ಟಿಸಿ, ಆಮೇಲೂ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ರೆ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್. ಅದರ ವೋಲ್ಟೇಜ್ 20ರಿಂದ 90%ವರೆಗೂ ಬಹುತೇಕ ಒಂದೇ ಸಮ ಇರುತ್ತೆ, ಬಿಎಂಎಸ್‌ಗೆ (ಬ್ಯಾಟರಿ ನೋಡ್ಕೊಳ್ಳೋ ಕಂಪ್ಯೂಟರ್) ಎಷ್ಟು ಉಳಿದಿದೆ ಅಂತ ತಿಳಿಯೋದು ಮೇಲಿನ ತುದಿ ಮುಟ್ಟಿದಾಗಲೇ. ತಿಂಗಳುಗಟ್ಟಲೆ 40–80ರಲ್ಲೇ ಓಡಿಸಿದ ಗಾಡಿ ತೋರಿಸೋ 8%, ನಿಜಕ್ಕೂ 8% ಅಂತ ಯಾರೂ ಬರೆದುಕೊಡಲ್ಲ. "80ಕ್ಕಿಂತ ಮೇಲೆ ಚಾರ್ಜ್ ಮಾಡಲೇಬಾರದು" ಅಂತ ಈ ಗುಂಪಲ್ಲೇ ಸಲಹೆ ಕೊಡೋ ಮಹನೀಯರು ಎನ್‌ಎಂಸಿ (ನಿಕಲ್ ಇರೋ ಇನ್ನೊಂದು ಬಗೆಯ ಬ್ಯಾಟರಿ) ಯಾವುದು, ಎಲ್‌ಎಫ್‌ಪಿ ಯಾವುದು ಅಂತ ನೋಡಿ ಬರೀಬೇಕು.

ವಾಪಸ್ ಬರೋಕೆ ನನ್ನ ನಿಯಮ: ಗುಂಡ್ಯದಲ್ಲಿ 50% ಇರಬೇಕು. ಅಲ್ಲಿಂದ ಸಕಲೇಶಪುರಕ್ಕೆ 40 ಕಿ.ಮೀ. ಆಸುಪಾಸು, ಏರೂ ಸೇರಿ 26% ತಿನ್ನುತ್ತೆ. ಹಾಸನಕ್ಕೆ 41%. ಅಂದ್ರೆ ಸಕಲೇಶಪುರದ ಚಾರ್ಜರ್ ಕೈಕೊಟ್ರೂ ಹಾಸನ ಸಿಗುತ್ತೆ. ಗುಂಡ್ಯದಲ್ಲಿ 50 ಬೇಕು ಅಂದ್ರೆ ಮಂಗಳೂರಿಂದ ಹೊರಡೋದು 90%ನಲ್ಲಿ. ಎರಡು ರಾತ್ರಿ ಉಳೀತೀರಲ್ಲ, ನಿಧಾನದ ಎ.ಸಿ. ಕರೆಂಟ್ ಚಾರ್ಜಿಂಗ್ ಇರೋ ಹೋಟೆಲ್ ಹುಡುಕಿ, ಇಲ್ಲಾಂದ್ರೆ 15 ಆಂಪ್ ಸಾಕೆಟ್ ಕೊಡೋ ಲಾಡ್ಜ್ ಆದ್ರೂ ಸಾಕು. ಅದೂ ಆಗ್ಲಿಲ್ಲ ಅಂದ್ರೆ ಘಾಟಿ ಕೆಳಗೇ, ಉಪ್ಪಿನಂಗಡಿ ಕಡೆ ಯಾವುದು ಆವತ್ತು ಚಾಲೂ ಇದೆಯೋ ನೋಡಿ ಇಪ್ಪತ್ತು ನಿಮಿಷ ಹಾಕಿ. "ಮೇಲೆ ಹೋಗಿ ಸಕಲೇಶಪುರದಲ್ಲಿ ನೋಡ್ಕೊಳ್ಳೋಣ" ಅನ್ನಬೇಡಿ. ಕೆಳಗಡೆ ಚಾರ್ಜರ್ ಕೆಟ್ಟಿದ್ರೆ ತಗ್ಗಿನ ರಸ್ತೆಯಲ್ಲಿ ಹಿಂದಕ್ಕೆ ಹೋಗಬಹುದು. ಮೇಲೆ ಕೆಟ್ಟಿದ್ರೆ ಟೋಯಿಂಗ್ ಒಂದೇ ದಾರಿ. ಮಳೆಗಾಲದಲ್ಲಿ ಮಲೆನಾಡಲ್ಲಿ ಕರೆಂಟ್ ಹೋಯ್ತು ಅಂದ್ರೆ ಚಾರ್ಜರ್ ಹೋಯ್ತು ಅಂತಲೇ ಅರ್ಥ, ಡೀಸೆಲ್ ಜನರೇಟರ್‌ನಲ್ಲಿ 60 ಕಿಲೋವ್ಯಾಟ್ ಯಾರೂ ಓಡಿಸಲ್ಲ.

ಜುಲೈ–ಆಗಸ್ಟ್‌ನಲ್ಲಿ ಹೋಗೋರಿಗೆ ಇನ್ನೊಂದು ಮಾತು. ಶಿರಾಡಿ ಯಾವಾಗ ಬಂದ್ ಆಗುತ್ತೋ ಹೇಳಕ್ಕಾಗಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲಲ್ಲಿ ಗುಡ್ಡ ಕುಸಿದಿದ್ದು ನೆನಪಿರಬೇಕಲ್ಲ. ಬಂದ್ ಆದ್ರೆ ಚಾರ್ಮಾಡಿ ಇಲ್ಲಾ ಸಂಪಾಜೆ. ಸಂಪಾಜೆ ಹಿಡಿದ್ರೆ ಮಡಿಕೇರಿ 1,150 ಮೀಟರ್ ಮೇಲಿದೆ, ಏರಿಗೇ ಆರು ಯೂನಿಟ್ ಎತ್ತಿಡಿ. ಅದಕ್ಕೇ ಬಿ.ಸಿ. ರೋಡ್ ದಾಟೋ ಮುಂಚೆ ಘಾಟಿ ಸ್ಥಿತಿ ವಿಚಾರಿಸಿ. ಉಪ್ಪಿನಂಗಡಿಗೆ ಬಂದ ಮೇಲೆ ಗೊತ್ತಾದ್ರೆ ಚಾರ್ಮಾಡಿಗೆ ಸುತ್ತಿ ಬರೋ ಕಿ.ಮೀ.ಗಳೂ ಬ್ಯಾಟರಿಯಿಂದಲೇ ಹೋಗೋದು.

ಇಳಿಯೋರೂ ಕೇಳಿಸಿಕೊಳ್ಳಿ. ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿಯಿಡೀ ಹಾಕಿ 100% ಮಾಡ್ಕೊಂಡು ಬೆಳಿಗ್ಗೆ ಶಿರಾಡಿ ಇಳಿಯೋದು ಜಾಣತನ ಅಲ್ಲ. ತುಂಬಿದ ಬ್ಯಾಟರಿಗೆ ರೀಜೆನ್ ತುಂಬಕ್ಕೆ ಜಾಗ ಇಲ್ಲ, ಕಾರು ರೀಜೆನ್ ಕತ್ತರಿಸುತ್ತೆ, ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ. ವಾಸನೆ ಬರೋವರೆಗೂ ಗೊತ್ತಾಗಲ್ಲ. ಬೆಟ್ಟದ ಮೇಲಿಂದ ಹೊರಡೋರು 85–90ಕ್ಕೆ ನಿಲ್ಲಿಸಿ.

ಇನ್ನು ಹಾಸನದಲ್ಲಿ "180 ಕಿಲೋವ್ಯಾಟ್ ಗನ್ನೇ ಬೇಕು, ಬೇಗ ಆಗುತ್ತೆ" ಅಂದಿದ್ದೀರಿ (ಗನ್ ಅಂದ್ರೆ ಚಾರ್ಜರ್ ಕೇಬಲ್ ತುದಿಯಲ್ಲಿ ಕಾರಿಗೆ ಹಾಕೋ ಪ್ಲಗ್). ಆಗಲ್ಲ ಸರ್. ನಿಮ್ಮ ಕಾರಿಗೆ ಕಂಪನಿಯೇ ಹೇಳಿದ್ದು 10ರಿಂದ 80%ಗೆ 56 ನಿಮಿಷ. ಆ 70% ಅಂದ್ರೆ 28 ಯೂನಿಟ್, ಅದನ್ನ ಆ ಹೊತ್ತಿಗೆ ಭಾಗಿಸಿ, ಸರಾಸರಿ 30 ಕಿಲೋವ್ಯಾಟ್. 180ರಲ್ಲಿ ಹಾಕಿದ್ರೂ ಅಷ್ಟೇ, 30ರ ಗನ್ ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ. ಕಾರು ಕೇಳಿದಷ್ಟನ್ನ ಚಾರ್ಜರ್ ಕೊಡುತ್ತೆ, ತುರುಕಲ್ಲ. ಮಹೀಂದ್ರಾ ಬಿಇ 6ರ 79 ಯೂನಿಟ್‌ನ ಗಾಡಿ 20ರಿಂದ 80ಕ್ಕೆ 20 ನಿಮಿಷದಲ್ಲಿ ಹೋಗುತ್ತೆ, ಅವರಿಗೆ ಆ ಗನ್ ಬೇಕು. ನೀವು ಅದನ್ನ ಒಂದು ಗಂಟೆ ಹಿಡ್ಕೊಂಡು ಮಸಾಲೆದೋಸೆ ತಿಂತಾ ಕೂತ್ರೆ ಹಿಂದೆ ಮೂರು ಜನ ಕಾಯ್ತಿರ್ತಾರೆ. ಪಕ್ಕದಲ್ಲಿ 30 ಅಥವಾ 60 ಖಾಲಿ ಇದ್ರೆ ಅಲ್ಲಿ ಹಾಕಿ. ಎರಡು ಗನ್ನಿನ 60ರ ಯಂತ್ರದಲ್ಲಿ ಇಬ್ಬರು ಹಾಕಿದ್ರೆ ತಲಾ 30 ಆಗುತ್ತೆ, ನಿಮಗೆ ಅದರಿಂದ ನಷ್ಟ ಇಲ್ಲ.

ದೊಡ್ಡ ಗಾಡಿಯವರೂ ಬೋರ್ಡ್ ನೋಡಿ ಮೋಸ ಹೋಗಬೇಡಿ. ಕಿಲೋವ್ಯಾಟ್ ಅಂದ್ರೆ ವೋಲ್ಟ್ ಗುಣಿಸು ಆಂಪ್. ಗನ್ನಿನ ಕೇಬಲ್ 250 ಆಂಪ್‌ದಾದ್ರೆ, 350 ವೋಲ್ಟ್ ಪ್ಯಾಕಿಗೆ 87 ಸಿಗುತ್ತೆ, ಬೋರ್ಡ್ ಮೇಲೆ 180 ಇದ್ರೂ. ಪೂರ್ತಿ ಸಿಗೋದು ಹ್ಯುಂಡೈ ಐಯೋನಿಕ್ 5 ಥರದ 800 ವೋಲ್ಟ್ ಗಾಡಿಗೆ.

80% ಆದ ಮೇಲೆ ಗಾಡಿ ಎತ್ತಿ. 80ರ ನಂತರ ಕಿಲೋವ್ಯಾಟ್ ಇಳೀತಾ ಇಳೀತಾ ಮನೆ ಚಾರ್ಜರ್ ಮಟ್ಟಕ್ಕೆ ಬರುತ್ತೆ, ಕೊನೆಯ 20%ಗೆ ಮೊದಲ 70%ನಷ್ಟೇ ಹೊತ್ತು ತಗೊಂಡ್ರೂ ಆಶ್ಚರ್ಯ ಇಲ್ಲ. ನಿಮ್ಮ ಪ್ಲಾನಲ್ಲಿ ಹಾಸನದವರೆಗೂ ಹೋಗಿ ಒಂದೇ ಸಲ ತುಂಬಿಸೋ ಆಸೆ ಇದೆ. ನಾನಾಗಿದ್ರೆ ಚನ್ನರಾಯಪಟ್ಟಣದಲ್ಲಿ, 148 ಕಿ.ಮೀ. ಆದಾಗ, 40% ಉಳಿದಿರುವಾಗಲೇ ಹಾಕ್ತೀನಿ. ಅಲ್ಲಿ ಕೆಟ್ಟಿದ್ರೆ ಹಾಸನ 37 ಕಿ.ಮೀ. ಮುಂದೆ ಇದ್ದೇ ಇದೆ.

ಆ್ಯಪ್ ವಿಷಯ. ಹಸಿರು ಚುಕ್ಕೆ ನೋಡಿ ಹೊರಡಬೇಡಿ. ಇಂಟರ್ನೆಟ್ ಇದ್ದು ಗನ್ ಸತ್ತಿದ್ರೂ ಚುಕ್ಕೆ ಹಸಿರೇ. ಕೊನೇ ಸೆಷನ್ ಯಾವಾಗ ಆಗಿದೆ ನೋಡಿ, ಪ್ಲಗ್‌ಶೇರ್‌ನಲ್ಲಿ (ಚಾರ್ಜರ್ ಬಗ್ಗೆ ಬಳಸಿದವರೇ ಬರೆಯೋ ಆ್ಯಪ್) ಈ ವಾರದ ಕಾಮೆಂಟ್ ಓದಿ. ನನ್ನ ಮಟ್ಟಿಗೆ ಆ ಕಾಮೆಂಟ್‌ಗಳು ಯಾವ ಕಂಪನಿ ಆ್ಯಪ್‌ಗಿಂತಲೂ ಮೇಲು. ಟಾಟಾ ಪವರ್, ಝಿಯಾನ್, ಚಾರ್ಜ್‌ಝೋನ್, ಸ್ಟ್ಯಾಟಿಕ್, ಜಿಯೋ-ಬಿಪಿ, ಬೆಸ್ಕಾಂನ ಇವಿ ಮಿತ್ರ, ನಿಮ್ಮ ದಾರಿಯಲ್ಲಿ ಯಾವ್ಯಾವುದು ಇದೆಯೋ ಅವನ್ನ ಮನೆ ವೈಫೈಯಲ್ಲೇ ಹಾಕಿ, ಒಟಿಪಿ ಮುಗಿಸಿ, ವಾಲೆಟ್ ತುಂಬಿಸಿ. ಘಾಟಿ ಕಡೆ ನೆಟ್‌ವರ್ಕ್ ನಂಬಿ ಯುಪಿಐ ಮಾಡ್ತೀನಿ ಅಂದ್ರೆ ಚಕ್ರ ತಿರುಗೋದು ನೋಡ್ತಾ ನಿಲ್ಬೇಕು. ಆರ್‌ಎಫ್‌ಐಡಿ ಕಾರ್ಡ್ (ಯಂತ್ರಕ್ಕೆ ತಾಗಿಸಿ ಚಾರ್ಜ್ ಶುರುಮಾಡೋದು) ಕೊಡೋ ಕಂಪನಿಯಾದ್ರೆ ಮುಂಚೆಯೇ ತರಿಸ್ಕೊಳ್ಳಿ. ವಾಲೆಟ್‌ನಲ್ಲಿ 500 ಸಾಲಲ್ಲ. ಯೂನಿಟ್‌ಗೆ 20 ರೂ. ದರ ಅಂದ್ರೆ ಜಿಎಸ್‌ಟಿ 18% ಸೇರಿ 23.60. 28 ಯೂನಿಟ್‌ಗೆ 660. ಬ್ಯಾಟರಿ ತಂಪು ಮಾಡೋಕೆ, ನೀವು ಒಳಗೆ ಕೂತು ಎ.ಸಿ. ಹಾಕ್ಕೊಳ್ಳೋಕೆ ಹೋಗೋದೂ ಬಿಲ್ಲಲ್ಲೇ ಬರುತ್ತೆ. ದುಡ್ಡು ಮುಗಿದ ಕ್ಷಣ ಸೆಷನ್ ನಿಲ್ಲುತ್ತೆ, ನೀವು ಊಟದಿಂದ ಬಂದು ನೋಡಿದ್ರೆ 62%. 800 ಇಡಿ.

ಗನ್ ಹಾಕೋ ವಿಧಾನ ಎಲ್ಲರಿಗೂ ಗೊತ್ತು ಅಂದ್ಕೊಂಡಿದ್ದೆ, ಕಳೆದ ವಾರದ ಪೋಸ್ಟ್‌ಗಳು ನೋಡಿ ಬರೀಬೇಕು ಅನ್ನಿಸ್ತು. ಗಾಡಿ ಆಫ್. ಗನ್ ಒತ್ತಿ, ಕಟಕ್ ಅನ್ನಬೇಕು. ಆಮೇಲೇ ಆ್ಯಪ್‌ನಲ್ಲಿ ಸ್ಟಾರ್ಟ್. ಸ್ಟಾರ್ಟ್ ಕೊಟ್ಟ ಮೊದಲ ಅರ್ಧ ನಿಮಿಷ ಗನ್ನಿನ ಹಿಡಿಯ ಕೆಳಗೆ ಅಂಗೈ ಕೊಟ್ಟು ಮೇಲಕ್ಕೆ ಎತ್ತಿ ಹಿಡ್ಕೊಳ್ಳಿ. ಕೇಬಲ್ ಭಾರಕ್ಕೆ ಗನ್ ಹಿಡಿ ಕೆಳಗೆ ಜೋತುಬಿದ್ದು ಸಣ್ಣ ಸಿಗ್ನಲ್ ಪಿನ್ ಸರಿಯಾಗಿ ಕೂರಲ್ಲ, ಕಾರು-ಚಾರ್ಜರ್ ಮಾತಾಡ್ಕೊಳ್ಳೋ ಹೊತ್ತಿಗೆ ಸಂಪರ್ಕ ತಪ್ಪುತ್ತೆ. ಒಳಗೆ ರಿಲೇ ಟಪ್ ಅಂದು, ಫ್ಯಾನ್ ಜೋರಾಗಿ, ಸ್ಕ್ರೀನಲ್ಲಿ ಕಿಲೋವ್ಯಾಟ್ ಏರೋಕೆ ಶುರುವಾದ ಮೇಲೆ ಬಿಡಿ. ಐದು ನಿಮಿಷ ಅಲ್ಲೇ ನಿಂತು ಆಮೇಲೆ ಕಾಫಿಗೆ ಹೋಗಿ.

ಫೇಲ್ ಆದ್ರೆ ಗನ್ ಕಿತ್ತು ಅರ್ಧ ನಿಮಿಷ ಬಿಟ್ಟು, ಕಾರು ಲಾಕ್–ಅನ್‌ಲಾಕ್ ಮಾಡಿ ಮತ್ತೆ ಹಾಕಿ. ಆಗ್ಲಿಲ್ವಾ, ಯಂತ್ರದ ಮೇಲಿನ ಕೆಂಪು ಗುಂಡಿ ಒತ್ತಿಕೊಂಡಿದೆಯಾ ನೋಡಿ. ಯಾರೋ ಚಾರ್ಜ್ ನಿಲ್ಲಿಸೋಕೆ ಅದನ್ನೇ ಒತ್ತಿ ಹೋಗಿರ್ತಾರೆ. ಬಾಣದ ಗುರುತಿನ ಕಡೆ ತಿರುಗಿಸಿದ್ರೆ ಮೇಲೆ ಬರುತ್ತೆ, ಯಂತ್ರ ರೀಸ್ಟಾರ್ಟ್ ಆಗೋಕೆ ಒಂದೆರಡು ನಿಮಿಷ ಕೊಡಿ. ದಯವಿಟ್ಟು ಆ ಗುಂಡಿ ಬೆಂಕಿ, ಶಾಕ್ ಇಂಥದ್ದಕ್ಕೆ ಮಾತ್ರ. ನಿಲ್ಲಿಸೋಕೆ ಆ್ಯಪ್ ಇದೆ. ಇನ್ನೂ ಆಗ್ಲಿಲ್ಲ ಅಂದ್ರೆ ಸ್ಟಿಕ್ಕರ್ ಮೇಲಿನ ಚಾರ್ಜರ್ ನಂಬರ್ ಓದಿಕೊಂಡು ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ರಿಮೋಟ್ ರೀಬೂಟ್ ಮಾಡಿಸಿ. ಮಳೇಲಿ ಇನ್ಸುಲೇಷನ್ ಎರರ್ ಬಂದ್ರೆ ಗನ್ ಒಳಗೆ ನೀರಿರುತ್ತೆ. ಬಾಯಿ ಕೆಳಗೆ ಮಾಡಿ ಒದರಿ, ಒಣಬಟ್ಟೆಯಲ್ಲಿ ಹೊರಗಿನ ಅಂಚು ಒರೆಸಿ. ಪಿನ್ ಒಳಗೆ ಬೆರಳು, ಕಡ್ಡಿ ಹಾಕಬೇಡಿ. ಗನ್ ಸಿಕ್ಕಿಕೊಂಡ್ರೆ ಎಳೆದಾಡಬೇಡಿ, ಉಲ್ಟಾ ಒಳಕ್ಕೆ ಒತ್ತಿಹಿಡಿದು ಕೀಯಲ್ಲಿ ಅನ್‌ಲಾಕ್ ಒತ್ತಿ. ಲಾಕ್ ಪಿನ್ ಮೇಲಿನ ಭಾರ ಕಮ್ಮಿಯಾಗಿ ಬಿಡುತ್ತೆ.

ಕೊನೆಗೆ ಲಾಡ್ಜ್ ಸಾಕೆಟ್. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಡಿಕ್ಕಿಯಲ್ಲಿ ಇರಲೇಬೇಕು, ಗಂಟೆಗೆ ಮೂರು ಯೂನಿಟ್, ಹತ್ತು ಗಂಟೆಗೆ ನಿಮ್ಮ ಬ್ಯಾಟರಿಯ 75%. ಅರ್ಥಿಂಗ್ ಇಲ್ಲದಿದ್ರೆ ಕೆಂಪು ಲೈಟ್ ಹಾಕಿ ಕೂರುತ್ತೆ, ಜನರೇಟರ್ ಮೇಲೂ ಬಹಳ ಸಲ ಹಾಗೇ. ಎಕ್ಸ್‌ಟೆನ್ಷನ್ ಬೇಕಾದ್ರೆ ಅಂಗಡಿಯ ರೆಡಿಮೇಡ್ ಬೋರ್ಡ್ ತರಬೇಡಿ, ಅದರ ಒಳಗಿನ ವೈರು ಮೊಬೈಲ್ ಚಾರ್ಜಿಗೆ ಲಾಯಕ್ಕು. 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಕೋರ್ ವೈರ್ 15 ಮೀಟರ್, ಒಂದು ತುದಿಗೆ ಒಳ್ಳೇ ಕಂಪನಿಯ 16 ಆಂಪ್ ಪ್ಲಗ್, ಇನ್ನೊಂದು ತುದಿಗೆ ಅಂಥದ್ದೇ ಸಾಕೆಟ್, ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಹಾಕುವಾಗ ಸುರುಳಿ ಪೂರ್ತಿ ಬಿಚ್ಚಿ ನೆಲಕ್ಕೆ ಹರಡಿ, ಸುತ್ತಿಟ್ಟ ವೈರ್ ಒಳಗೊಳಗೇ ಬಿಸಿಯಾಗಿ ಕರಗುತ್ತೆ. ಅರ್ಧ ಗಂಟೆ ಬಿಟ್ಟು ಗೋಡೆ ಕಡೆಯ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಸರಿ, ಕೈ ಇಡೋಕಾಗ್ದಷ್ಟು ಸುಟ್ರೆ ಆಗಲೇ ನಿಲ್ಲಿಸಿ, ಕಾರಿನ ಸೆಟ್ಟಿಂಗ್‌ನಲ್ಲಿ ಆಂಪ್ ಇಳಿಸೋ ಅವಕಾಶ ಇದ್ರೆ ಇಳಿಸಿ, ಇಲ್ಲಾ ಮ್ಯಾನೇಜರ್‌ಗೆ ಹೇಳಿ ಬೇರೆ ಸಾಕೆಟ್ ಕೇಳಿ. ಗೀಸರ್ ಪಾಯಿಂಟ್ ಸಾಮಾನ್ಯವಾಗಿ ತಡೆಯುತ್ತೆ, ಆದ್ರೆ ಬಾತ್‌ರೂಮ್ ಕಿಟಕಿಯಿಂದ ವೈರ್ ಇಳಿಸೋಕೆ ಮಳೇಲಿ ಹೋಗಬೇಡಿ.